ಎಂಟು ವಾರದ ಕರಾರು

ಕರಾರಿನಲ್ಲಿ ಬರೆದಿತ್ತು: ಸಂಜೆ ಏಳರಿಂದ ರಾತ್ರಿ ಎರಡರವರೆಗೆ ಬಾರಿಸಬೇಕು,
ಗಂಟೆಗೆ ಹತ್ತು ನಿಮಿಷ ಬಿಡುವು,
ಬಿಯರ್ ಪುಕ್ಕಟೆ, ಊಟ ನಿಮ್ಮದೇ.
ನಮಗೆ ಬರುತ್ತಿದ್ದದ್ದು ಇಪ್ಪತ್ತೆರಡು ಹಾಡು.
ಡ್ರಮ್ಮಿನ ಲೋಡಿ ರೈಲಿನಲ್ಲೇ ಲೆಕ್ಕ ಹಾಕಿದ:
ಒಂದು ಗಂಟೆ ಆರು ನಿಮಿಷಕ್ಕೆ ಜೋಳಿಗೆ ಖಾಲಿ.

ಹೇಗ್ ನಿಲ್ದಾಣದಲ್ಲಿ ಅಮ್ಮ
ಸಂಬಾಲ್ ಚಟ್ನಿಯ ಜಾಡಿಯನ್ನು ನನ್ನ ಮಡಿಲಿಗಿಟ್ಟು,
ಯಾರು ಕೇಳಿದರೂ ಹದಿನೆಂಟು ಅನ್ನು, ಅಂದಳು.
ಅವಳು ಹೇಳಿಕೊಟ್ಟ ಒಂದೇ ಸುಳ್ಳು.
ಹದಿನಾರಕ್ಕೆ ಇನ್ನೂ ಮೂರು ತಿಂಗಳಿತ್ತು ನನಗೆ.
ಬೇಸ್ ಗಿಟಾರು ನನಗಿಂತ ನಾಲ್ಕು ಬೆರಳು ಗಿಡ್ಡ.

ಮನ್‌ಹೈಮ್. ಓಣಿಯ ತುದಿಗೆ ಕ್ಲಬ್ಬು, ಹೆಸರು ನೀಲಿ ಗಿಣಿ.
ಬಾಗಿಲ ಮೇಲಿನ ಗಿಣಿಗೆ ಒಂದು ಕಣ್ಣಿನ ಬಲ್ಬು ಸುಟ್ಟುಹೋಗಿ
ಇದ್ದಷ್ಟು ದಿನವೂ ಅದು ನಮಗೆ ಕಣ್ಣು ಹೊಡೆಯುತ್ತಲೇ ಇತ್ತು.

ಮಲಗಲು ಮಾಂಸದಂಗಡಿಯ ಮೇಲಿನ ಅಟ್ಟ.
ಬೆಳಗಿನ ಐದಕ್ಕೆ ಕೆಳಗೆ ಮೂಳೆ ಕಡಿಯುವ ಸದ್ದು.
ಲೋಡಿ ಕಣ್ಣು ಬಿಡದೆ ಗೊಣಗುತ್ತಿದ್ದ,
"ತಾಳ ತಪ್ಪಿದ ನೋಡು."

ಅಕ್ಕಿ ಸಿಗುತ್ತಿತ್ತು, ಸಣ್ಣ ಪೊಟ್ಟಣದಲ್ಲಿ,
ಹಾಲಿನಲ್ಲಿ ಬೇಯಿಸಿ ಸಕ್ಕರೆ ಸುರಿಯುವುದಕ್ಕೆ.
ಅಣ್ಣ ಗುಸ್ ಒಂಬತ್ತು ಪೊಟ್ಟಣ ಕೇಳಿದ.
ಅಂಗಡಿಯಾಕೆ ಮೆತ್ತಗೆ ವಿಚಾರಿಸಿದಳು:
ಮಗುವಿಗೆ ಎಷ್ಟು ತಿಂಗಳು?

ಕೇಳಲು ಬರುವವರು ಅಮೆರಿಕದ ಸಿಪಾಯಿಗಳು,
ಸಂಬಳದ ವಾರ ಗೂಳಿಗಳು, ಉಳಿದ ವಾರ ಅನಾಥರು.
ಯಾವೂರು ನಿಮ್ಮದು, ಮೆಕ್ಸಿಕೊ? ಹವಾಯಿ?
ಗುಸ್ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ.
ಡಚ್ಚರು ಅಂದರೆ ನಗುತ್ತಾರೆ,
ಜಾವಾ ಅಂದರೆ ಕಾಫಿ ತರಿಸುತ್ತಾರೆ.

ಮೂರನೆಯ ವಾರ, ಒಂದು ಶನಿವಾರ,
ಎಲ್ಲ ಹಾಡೂ ನಾಲ್ಕು ನಾಲ್ಕು ಸಲ ಮುಗಿದು
ಇನ್ನೂ ಒಂದು ಗಂಟೆ ಬಾಕಿ ಇರುವಾಗ
ಮೂಲೆಯ ಮೇಜಲ್ಲಿ ಬಾಟಲಿ ಒಡೆದ ಸದ್ದು.
ಯುದ್ಧದಲ್ಲಿ ಎರಡು ಬೆರಳು ಕಳಕೊಂಡ ಮಾಣಿ ಹೋರ್ಸ್ಟ್
ಉಳಿದ ಮೂರನ್ನು ಗಿರಗಿರ ತಿರುಗಿಸಿದ: ನಿಲ್ಲಿಸಬೇಡಿ.
ಏನು ಬಾರಿಸುವುದು?
ಗುಸ್ ಕಣ್ಣು ಮುಚ್ಚಿದ. ಕೈ ತಾನಾಗಿ ಹೋಯಿತು

ಸೆಮರಾಂಗಿನ ಹಿತ್ತಿಲಿಗೆ. ಅಜ್ಜಿ ಅಕ್ಕಿ ಕೇರುತ್ತ
ಮೂಗಿನಲ್ಲೇ ಹಾಡಿಕೊಳ್ಳುತ್ತಿದ್ದ ಕ್ರೊಂಚೊಂಗ್ ಅದು.
ಹಡಗಿಳಿದ ಮೇಲೆ ಅಪ್ಪ ಬೇಡವೆಂದ ರಾಗ:
ಇಲ್ಲಿ ಗೋಡೆ ತೆಳು, ಪಕ್ಕದವರಿಗೆ ಕೇಳಿಸೀತು.
ಈಗ ಅದನ್ನು ನಾಲ್ಕು ಪಟ್ಟು ಓಡಿಸಿ
ಗೋಡೆ ನಡುಗುವ ಹಾಗೆ ಬಾರಿಸುತ್ತಿದ್ದೇವೆ,
ಲೋಡಿ ಅವಳ ಮೊರದ ಸದ್ದನ್ನೇ ಹಿಡಿದುಬಿಟ್ಟಿದ್ದಾನೆ,
ಝರ್ ಝರ್ ಟಪ್, ಝರ್ ಝರ್ ಟಪ್,
ನಾನು ಎರಡೇ ಸ್ವರದ ನಡುವೆ ಹೋಗಿ ಬಂದು ಹೋಗಿ ಬಂದು
ಅಳುತ್ತಿದ್ದೆನೋ ಬೆವರುತ್ತಿದ್ದೆನೋ.
ಒಡೆದ ಬಾಟಲಿ ಹಿಡಿದವನೂ ಕುಣಿಯತೊಡಗಿದ,
ಬಾಟಲಿ ಬಿಡದೆಯೇ.
ನಲವತ್ತು ನಿಮಿಷ.

ಮರುದಿನ ಎಲ್ಲರೂ ಅದನ್ನೇ ಕೇಳಿದರು. ಹೆಸರಿಲ್ಲ.
ಹೋರ್ಸ್ಟ್ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ:
ನಂಬರ್ ಇಪ್ಪತ್ತಮೂರು.

ಏಳನೆಯ ವಾರ ಪೊಲೀಸರು ಪಾಸ್‌ಪೋರ್ಟ್ ನೋಡಿದರು.
ಹುಟ್ಟಿದ ವರ್ಷವನ್ನು ಬೆರಳಿಟ್ಟು ಓದಿದರು,
ಬೈಯಲಿಲ್ಲ, ಒಬ್ಬ ಚಾಕಲೇಟು ಕೊಟ್ಟ.
ಅದೇ ಹೆಚ್ಚು ಅವಮಾನ.
ನನ್ನ ಜಾಗಕ್ಕೆ ಬಂದ ಊರಿನ ಹುಡುಗ ಜಾಣ,
ಆದರೆ ಇಪ್ಪತ್ತಮೂರು ಎಲ್ಲಿ ಶುರುವಾಗುತ್ತದೆಂದು
ಕೊನೆಗೂ ತಿಳಿಯಲಿಲ್ಲವಂತೆ ಅವನಿಗೆ.

ಎಲ್ಲಿ ಮುಗಿಯುತ್ತದೆಂದು ನನಗೂ ತಿಳಿಯದು.
ಅಜ್ಜಿಯ ಅಕ್ಕಿ ಮುಗಿದಾಗ ಅದು ಮುಗಿಯುತ್ತಿತ್ತು.
ನಮ್ಮದನ್ನು ಹೋರ್ಸ್ಟ್ ದೀಪ ಆರಿಸಿ ಮುಗಿಸುತ್ತಿದ್ದ.

ಹೇಗ್‌ನಲ್ಲಿ ಇಳಿದಾಗ ಅಮ್ಮ
ದುಡ್ಡೆಷ್ಟು ಅನ್ನಲಿಲ್ಲ, ಸೊರಗಿದೆ ಅನ್ನಲಿಲ್ಲ.
ಜಾಡಿ ಎಲ್ಲಿ, ಅಂದಳು.
ಅದು ಅಲ್ಲೇ, ಆಂಪ್ಲಿಫೈಯರಿನ ಮೇಲೆ,
ಅರ್ಧದಷ್ಟು ಚಿಲ್ಲರೆ ತುಂಬಿಕೊಂಡು,
ಪ್ರತಿ ಏಟಿಗೂ ಒಂಚೂರು ಅಂಚಿಗೆ ಸರಿಯುತ್ತ.