ಬೋಕಿ ತೊಳೆದವಳು

ನನ್ನ ಜೀವಮಾನದ ಮೊದಲ ಹಲ್ಲುಬ್ರಷ್ಷು
ನನ್ನ ಹಲ್ಲಿಗೆ ಸಿಕ್ಕದ್ದಲ್ಲ.
ಸಿರಾಫಿನ ಹಳೆ ಮಸೀದಿಯ ಬುಡ ಅಗೆಯಲು
ಪರದೇಶದವರು ಡೇರೆ ಹಾಕಿದ ಚಳಿಗಾಲ,
ಹನ್ನೊಂದು ವರ್ಷದ ನಾನು, ಶಹರ್ನಾಜ್,
ಸತ್ತ ಊರಿನ ಬಾಯಿ ತೊಳೆಯುವ ಕೆಲಸಕ್ಕೆ ಸೇರಿದೆ.

ಒಂದು ಬಕೆಟ್ಟು ನೀರು, ಒಂದು ಬುಟ್ಟಿ ಬೋಕಿ.
ಉಜ್ಜು, ತಿರುವು, ಬಿಸಿಲಿಗಿಡು.
ಮಣ್ಣು ಬಿಟ್ಟಂತೆ ಹಸಿರು ಮೂಡುತ್ತಿತ್ತು,
ನಮ್ಮ ಕೊಲ್ಲಿಯದಲ್ಲದ ಹಸಿರು,
ನಮ್ಮ ಖರ್ಜೂರದ್ದೂ ಅಲ್ಲ.
ಚೀನಾದ್ದು, ಅಂದರು ಡೇರೆಯವರು.
ಅಷ್ಟು ದೂರದಿಂದ ಒಡೆಯದೆ ಬಂದದ್ದು
ಇಲ್ಲಿಗೆ ಬಂದು, ನಮ್ಮ ಕೈಲೇ ಒಡೆಯಿತೇ?

ಏಳು ದಿನ ನಡುಗಿತಂತೆ ನೆಲ.
ಜಂಜ್ ನಾಡಿನ ಮರದ ಮಹಡಿಗಳು
ಒಂದರ ಹೆಗಲ ಮೇಲೊಂದು ಕುಸಿದವಂತೆ.
ಅಪ್ಪ, ಜಾಯರ್ ಮುಖ್ತಾರ್, ಗುದ್ದಲಿ ಊರಿ ನಿಂತು ಹೇಳುತ್ತಿದ್ದ:
ಭೂಕಂಪಕ್ಕೆ ಯಾಕೆ ಬೈತೀರಿ?
ಊರು ಹಾಳಾದದ್ದು ಎಂಟನೇ ದಿನ,
ಹಡಗುಗಳು ಬೇರೆ ದಡ ಕೇಳಿಕೊಂಡು ಹೋದಾಗ.
ಹೇಳಿ, ಕೂಲಿ ಎಣಿಸಿಕೊಂಡು,
ಕುವೈತಿನ ದೋಣಿ ಯಾವಾಗ ಎಂದು
ತಾನೂ ಮೆಲ್ಲಗೆ ವಿಚಾರಿಸುತ್ತಿದ್ದ.

ಬೆಟ್ಟದ ಮೈತುಂಬ ಆಳುದ್ದದ ತೊಟ್ಟಿಗಳು,
ಬಂಡೆಯಲ್ಲೇ ಕೊರೆದವು, ಸಾಲುಸಾಲು.
ಗೋರಿ, ಅಂದರು ಡೇರೆಯಲ್ಲೊಬ್ಬರು.
ಮಳೆನೀರು ಹಿಡಿಯಲು, ಅಂದರು ಇನ್ನೊಬ್ಬರು.
ರಾತ್ರಿಯೆಲ್ಲ ಲಾಂದ್ರದ ಸುತ್ತ ವಾದ.
ಮೇಕೆ ಅಟ್ಟಿಕೊಂಡು ಬಂದ ಅಜ್ಜಿ ಗುಲಂದಾಮ್
ಕೇಳಿಸಿಕೊಂಡು ನಕ್ಕಳು:
ನೀರಿಗೆ ಕಾದವರೇ ತಾನೆ ಇಲ್ಲಿ ಸತ್ತದ್ದು?
ಹೆಣಕ್ಕೆಷ್ಟು, ನೀರಿಗೆಷ್ಟು, ಉಳಿಗೇನು ಗೊತ್ತು!
ಮೇಕೆಗಳು ಆಗಲೇ ಕುಡಿಯುತ್ತಿದ್ದವು
ಯಾರದೋ ಎದೆ ಇದ್ದಿರಬಹುದಾದ ಕಡೆ ನಿಂತ ಮಳೆ.

ಒಂದು ಚೂರು ಕದ್ದೆ. ಹೇಳಿಬಿಡುತ್ತೇನೆ.
ಹಿಂಬದಿಯಲ್ಲಿ, ಹೊಳಪು ಮುಟ್ಟದ ಜಾಗದಲ್ಲಿ,
ಹಸಿಮಣ್ಣಿಗೆ ಒತ್ತಿದ ಹೆಬ್ಬೆಟ್ಟಿನ ಗೆರೆ,
ಕುಂಬಾರನದೋ, ಅವನ ಮಗಳದೋ.
ನನ್ನದನ್ನು ಇಟ್ಟು ನೋಡಿದೆ, ಕೂತಿತು.
ಕೂಲಿಪುಸ್ತಕದಲ್ಲಿ ನಾನೂ
ಒತ್ತುತ್ತಿದ್ದದ್ದು ಅದನ್ನೇ.

ದೋಣಿ ಬಂತು, ಅಪ್ಪ ಹೋದ,
ಎರಡು ಕಾಗದ ಬಂದವು, ಆಮೇಲೆ ಇಲ್ಲ.
ಈಗ ರಾತ್ರಿ ಅಸಲೂಯೆ ಕಡೆ
ಗ್ಯಾಸಿನ ಜ್ವಾಲೆಗೆ ಆಕಾಶ ಕೆಂಪು.
ದೊಡ್ಡ ದೊಡ್ಡ ಹಡಗುಗಳು
ನಮ್ಮನ್ನು ಕೇಳದೆಯೇ ದಾಟಿ ಹೋಗುತ್ತವೆ.

ಆ ಬ್ರಷ್ಷೇ? ಡೇರೆ ಕಿತ್ತ ದಿನ
ಇಟ್ಟುಕೋ ಮಗು, ಅಂದರು.
ಮನೆಗೆ ಬಂದು, ಬಾಗಿಲು ಹಾಕಿ, ಹಲ್ಲುಜ್ಜಿದೆ.
ಉಪ್ಪು. ಸುಣ್ಣ.
ದವಡೆಯ ಸಂದಿಯಲ್ಲಿ
ಕರಕರ ಅಂದಿತು ಏನೋ,
ಉಗುಳಲು ಮನಸ್ಸಾಗಲಿಲ್ಲ.