ಎಂಬತ್ತರ ಆಚೆ, ಮಲೇಖುವಿನಲ್ಲಿ

ಗಡಿಯಾರ ನೋಡುವುದು ಬಿಟ್ಟು ಎರಡು ವರ್ಷ.
ಈಗ ಹೊತ್ತನ್ನು ತಟ್ಟೆಯಲ್ಲಿ ಅಳೆಯುತ್ತೇನೆ.
ನನ್ನ ಹೋಟೆಲಿನ ಅಂಗಳದಲ್ಲಿ ಅರವತ್ತರ ಯಂತ್ರವೆಂದರೆ
ದಾಲ್ ಭಾತ್, ಎರಡನೇ ಸಲ ಅನ್ನ,
ಕೈ ತೊಳೆದು ಬಂದು ಒಂದು ಸಣ್ಣ ಜಗಳ.
ನೂರಿಪ್ಪತ್ತರದೆಂದರೆ ತ್ರಿಶೂಲಿಯ ಹುರಿದ ಮೀನು, ಚಹಾ,
ಚಹಾ ಆರುವ ಮೊದಲೇ ಹಾರನ್ನು.
ಹಿತ್ತಿಲ ಗೋಡೆಯ ಮೂರು ತೂತಿನ ಪ್ಲಗ್ಗೆಂದರೆ
ಇಡೀ ಒಂದು ರಾತ್ರಿ.
ನನ್ನ ಹಳೇ ಸ್ಕೂಟರು ಅಲ್ಲೇ ಮಲಗುತ್ತದೆ,
ಗೂಟಕ್ಕೆ ಕಟ್ಟಿದ ಕರುವಿನ ಹಾಗೆ.

ಮೊದಮೊದಲು ಎಲ್ಲರೂ ಬೈದವರೇ.
"ನೂರಿಪ್ಪತ್ತು ಅಂತ ಬೋರ್ಡು, ಬರೋದು ಅರವತ್ತು! ಮೋಸ!"
ಅಣ್ಣಾ, ಕೊಡುವ ಕೈ ದೊಡ್ಡದಾದರೆ ಸಾಕೇ?
ನುಂಗುವ ಗಂಟಲೂ ಬೇಕಲ್ಲ.
ನಿನ್ನ ಗಾಡಿಯ ಗಂಟಲು ಅರವತ್ತರದು.
ಬಿಂದಿಗೆಯನ್ನು ಜಲಪಾತಕ್ಕೆ ಹಿಡಿದರೆ
ನೆನೆಯುವುದು ಸೀರೆ.

ಮಾಘದ ಬೆಳಗಿನಲ್ಲಿ ಇನ್ನೊಂದು ತಕರಾರು.
ನದಿಯ ಮೇಲೆ ಮಂಜು ಕೂತಿರುವಾಗ
ಬ್ಯಾಟರಿಯೂ ಕಂಬಳಿಯೊಳಗಿನ ಮುದುಕಿ,
ಕರೆದರೂ ಏಳದು, ಕೊಟ್ಟರೂ ಕುಡಿಯದು.
ಅದೇ ಗಾಡಿ ಮುಗ್ಲಿಂಗಿನಿಂದ ಓಡಿ, ಬೆವೆತು ಬಂದರೆ
ಗಟಗಟ ಕುಡಿಯುತ್ತದೆ.

ಫಾಲ್ಗುಣದಲ್ಲಿ ಆ ದಿಬ್ಬಣ ಬಂತು, ದಮೌಲಿಯಿಂದ.
ಹದಿನೇಳು ಜನ, ಎರಡು ಸನಾಯಿ, ಒಂದು ನಗಾರಿ,
ಗರಿಕೆಯ ಮಾಲೆಯಲ್ಲಿ ಮುಳುಗಿದ ಮದುಮಗ.
ಕಾಠ್ಮಂಡುವಿನಲ್ಲಿ ಲಗ್ನ ನಾಲ್ಕೂ ಹತ್ತಕ್ಕೆ.
ಫುರ್ಬಾ ಗನ್ನು ಸಿಕ್ಕಿಸಿದ: ಹತ್ತೊಂಬತ್ತು.
ಅನ್ನ ಬಡಿಸುವಷ್ಟರಲ್ಲಿ ನಲವತ್ತು.
ಪುರೋಹಿತರು ತೇಗುವಾಗ ಅರವತ್ತೈದು.
ಅಷ್ಟರಲ್ಲಿ ಪಕ್ಕದ ಗನ್ನಿಗೆ ಹಾಲಿನ ವ್ಯಾನು ಬಂದು ನಿಂತಿತು.
ಒಂದೇ ಯಂತ್ರ, ಎರಡು ಬಾಯಿ, ಅರ್ಧರ್ಧ ಪಾಲು.
ಮದುಮಗನ ಮಾವ ವ್ಯಾನಿನವನ ಕಾಲರು ಹಿಡಿದರು.
ಬಿಡಿಸಲು ಹೋದ ನನ್ನ ಸೌಟು ಯಾರ ತಲೆಗೆ ಬಿತ್ತೋ.

ವ್ಯಾನು ಹೋಯಿತು. ಪಾಲು ಪೂರ್ತಿ ಬಂತು.
ಎಂಬತ್ತು.
ಆಮೇಲೆ ಯಂತ್ರ ಜಪಕ್ಕೆ ಕೂತಿತು.
ಎಂಬತ್ತೊಂದು.
ಸನಾಯಿಯವನು ಊದಿ ಊದಿ ಸುಸ್ತಾದ.
ಎಂಬತ್ತೆರಡು.
"ಕೆಟ್ಟುಹೋಯ್ತೇ?" ಎಂದ ಮದುಮಗ, ಮೊದಲ ಬಾರಿ ಬಾಯಿಬಿಟ್ಟು.
ಕೆಟ್ಟಿಲ್ಲ ತಮ್ಮಾ.
ಖಾಲಿ ಬಸ್ಸಿಗೆ ಎಲ್ಲರೂ ನುಗ್ಗಿ ಕೂರುತ್ತಾರೆ,
ಕೊನೆಗೆ ಹತ್ತಿದವನು ಬುಟ್ಟಿ, ಕೂಸು, ಮೊಣಕಾಲು ದಾಟಿ
ಜಾಗ ಹುಡುಕಬೇಡವೇ?
ತುಂಬಿದ ಕೊಡ ತುಳುಕದು, ನಿಜ.
ತುಂಬಿಸುವಾಗ ತುಳುಕುತ್ತದಲ್ಲ, ಅದಕ್ಕೇ ಈ ನಿಧಾನ.

"ನೂರು ಆಗಲಿ ದಿದಿ, ನಾಗಢುಂಗಾ ಏರಬೇಕು," ಎಂದ ಫುರ್ಬಾ.
ನೂರಕ್ಕೆ ಕಾದರೆ ಕನ್ಯೆಗೆ ಕೂದಲು ನರೆಯುತ್ತದೆ.
ಇರುವುದು ಎಪ್ಪತ್ತು ಕಿಲೋಮೀಟರು, ಇಷ್ಟು ಧಾರಾಳ ಸಾಕು.
ನಾನೇ ಕೈಹಾಕಿ ಗನ್ನು ಕಿತ್ತೆ.
ಎಂಬತ್ತಮೂರು.
ನಗಾರಿ ಬಡಿಯುತ್ತ ಹೊರಟರು.
ಉಂಡೂ ಹೋದರು, ಕೊಂಡೂ ಹೋದರು,
ನನ್ನ ಎರಡು ಸ್ಟೀಲು ಲೋಟ.
ಲಗ್ನಕ್ಕೆ ಮುಟ್ಟಿದರೋ ಇಲ್ಲವೋ
ಫುರ್ಬಾ ಇನ್ನೂ ಈ ದಾರಿಯಲ್ಲಿ ಬಂದಿಲ್ಲ.

ರಾತ್ರಿ ಅಂಗಡಿ ಮುಚ್ಚಿ ಒಳಗೆ ಬಂದರೆ
ಅತ್ತೆ ಎದ್ದು ಕೂತಿದ್ದರು.
ಗಂಜಿ ಒಂದು ಚಮಚ.
ಬಾಯೊಳಗೆ ಅದು ಎಲ್ಲೆಲ್ಲಿ ತಿರುಗುತ್ತದೋ, ಕಾಯಬೇಕು.
ಇನ್ನೊಂದು ಚಮಚ.
ಹಗಲಿನ ದಿಬ್ಬಣದ ಕಥೆ ಹೇಳಿದೆ.
ನಾಲ್ಕು ಚಮಚದ ನಂತರ ಕೇಳಿದರು:
"ಹುಡುಗ... ಚೆನ್ನಾಗಿದ್ದನೇ?"
ನೋಡಲಿಲ್ಲ ಅತ್ತೆ, ಬರೀ ಅಂಕಿ ನೋಡುತ್ತಿದ್ದೆ.

ಹಿತ್ತಿಲಲ್ಲಿ ಸ್ಕೂಟರಿನ ಹಸಿರು ದೀಪ
ಮಿನುಗಿ, ಆರಿ, ಮಿನುಗಿ.
ಕೆಳಗೆ ತ್ರಿಶೂಲಿ, ಮೇಲಿನ ಕಟ್ಟೆಯಲ್ಲಿ ವಿದ್ಯುತ್ತು ಕೊಟ್ಟು ಬಂದವಳು,
ಈಗ ಕೆಲಸವಿಲ್ಲದವಳ ಹಾಗೆ ಹರಿಯುತ್ತಿದ್ದಾಳೆ.
ಬಟ್ಟಲಲ್ಲಿ ಇನ್ನೂ ಅರ್ಧ ಗಂಜಿ.
ಅತ್ತೆಗೆ ಈ ಚೈತ್ರಕ್ಕೆ ಎಂಬತ್ತಮೂರು.
ನಾನು ಚಮಚದ ಅಂಚು ಒರೆಸಿ
ಮತ್ತೆ ಕೂತೆ.