ಲೈನ್

ನಾಲವಾರದಾಗ ಲೈನ್ ಅಂದ್ರ ಮೊದಲ ರೈಲಿಂದು.
‘ಲೈನ್ ದಾಟಬ್ಯಾಡ’ ಅಂತಿದ್ದಳು ಅವ್ವ;
ಶಾಲಿ, ಗಿರಣಿ, ಗೆಳತೇರು,
ಎಲ್ಲಾ ಲೈನಿನ ಆಕಡೀಗೇ ಇದ್ವು.

ನಳ ಬಂದ್ರ ಲೈನ್, ರೇಷನ್ನಿಗೂ ಲೈನ್.
ನಾವಿಲ್ಲಂದ್ರ ನಮ್ಮ ಕೊಡ ನಿಂತಿರತಿತ್ತು.

ನಬೀಲಾಲ ನನಗ ಲೈನ್ ಹೊಡಿತಾನಂತ
ಹಿಂದಿನ ಬೆಂಚು ಪಿಸುಗುಟ್ಟಿದ ದಿನ
ಕಾಪಿಯೊಳಗಿನ ಕೆಂಪು ಲೈನ್ ಜಿಗಿದು
ಅಕ್ಷರ ಹೊರಗ ಬಿದ್ದಿದ್ವು.

ಅಪ್ಪ ಸಾಯಬಣ್ಣ, ಲೈನ್‌ಮನ್.
ಕಂಬ ಹತ್ತೋ ಮುಂದ ಕೇಳತಿದ್ದ:
‘ಲೈನ್ ತೆಗದೀರೇನ್ರಿ?’
ಆವತ್ತೂ ಕೇಳಿದ್ದ.
‘ತೆಗದೀವಿ’ ಅಂದಿತ್ತು ಫೋನು.

ಈಗ ಅವನ ಬಲಗೈ ಅಂಗೈ
ತಿಕ್ಕಿದ ಫರಸಿಯಂಗ ಸಪಾಟ,
ಒಂದು ಗೆರಿ ಸೈತ ಇಲ್ಲ.

ಸಂಜಿಗಿ ಓಣಿ ಹುಡುಗರು
‘ಲೈನ್ ಬಂತೋ!’ ಅಂತ ಒದರಿದ್ರ
ದೀಪದ ಕೆಳಗ ಅಂಗೈ ತಿರುವಿ
ಒಮ್ಮೆ ನೋಡಿಕೋತಾನ.